ವೈದ್ಯರ ಭೇಟಿಗೆ ಯಾವ ರಜೆ: 12 ದಿನಗಳದ್ದೋ, ಇಎಸ್‌ಐಯದ್ದೋ?

ಕರ್ನಾಟಕದ ಅಂಗಡಿಯಲ್ಲೋ ಖಾಸಗಿ ಕಚೇರಿಯಲ್ಲೋ ದುಡಿಯುವವರಿಗೆ ರಕ್ತಪರೀಕ್ಷೆಗೋ ಹಲ್ಲು ತೋರಿಸುವುದಕ್ಕೋ ಒಂದು ದಿನದ ಬಿಡುವು ಬೇಕಾದರೆ, 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಡಿ ವರ್ಷಕ್ಕೆ 12 ದಿನಗಳವರೆಗೆ ದೊರೆಯುವ ವೇತನಸಹಿತ ರಜೆಯೇ ಲೇಸು. ಕಾಯಿಲೆ, ಅಪಘಾತಗಳಲ್ಲದೆ ಬೇರೆ ಸಮಂಜಸ ಕಾರಣಕ್ಕೂ ಅದು ಸಲ್ಲುತ್ತದೆ, ಸಂಬಳವೂ ಕಡಿತವಾಗುವುದಿಲ್ಲ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾರ್ಡ್ ಇದೆಯೆಂದು ಇಂಥ ಸಣ್ಣ ಭೇಟಿಗೆ ಅದನ್ನೇ ನೆಚ್ಚಿಕೊಳ್ಳುವುದು ವ್ಯರ್ಥ, ಏಕೆಂದರೆ ಅಲ್ಲಿ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ಮಲಗಬೇಕಾದಾಗ ಲೆಕ್ಕ ತಿರುಗುಮುರುಗಾಗುತ್ತದೆ: ವಂತಿಗೆಯ (ವಿಮೆಗೆ ಕಟ್ಟುವ ಪಾಲಿನ) ಷರತ್ತು ಪೂರೈಸಿದವರಿಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇಎಸ್‌ಐ ವೈದ್ಯರ ಪ್ರಮಾಣಪತ್ರವನ್ನು ಮಾತ್ರ ಮೊದಲ ದಿನವೇ ಬರೆಸಿಕೊಳ್ಳಿ.