ಅಜ್ಜಿಯ ಪದ ಬರೆದಿಟ್ಟ ರಾಯಲ್ ಬ್ಲೂ ಮಸಿ

ಉಳಿಯಬೇಕಾದ ಯಾವುದನ್ನೂ ವಾಷಬಲ್, ಅಂದರೆ ತೊಳೆದರೆ ಹೋಗುವ, ರಾಯಲ್ ಬ್ಲೂ ಮಸಿಯಲ್ಲಿ ಬರೆಯಬೇಡಿ. ಮೂರು ವರ್ಷದ ಹಿಂದೆ ಈ ಒಂದು ಮಾತನ್ನು ನನಗೆ ಯಾರಾದರೂ ಹೇಳಿದ್ದರೆ ನಮ್ಮಜ್ಜಿಯ ಅರವತ್ತೆರಡು ಪದಗಳು, ಅಂದರೆ ಹಾಡುಗಳು, ಇವತ್ತು ನಮ್ಮ ಮನೆಯಲ್ಲಿ ಇರುತ್ತಿದ್ದವು.

ಅಜ್ಜಿ ಸಿರುಗುಪ್ಪ ಕಡೆಯ ಹಳ್ಳಿಯವರು. ಮೊಣಕಾಲು ಹಿಡಿದುಕೊಂಡ ಮೇಲೆ ಬಳ್ಳಾರಿಗೆ, ನಮ್ಮ ಮನೆಗೆ ಬಂದಿದ್ದರು. ಬೀಸುವ ಪದ, ನಾಟಿ ಹಚ್ಚುವಾಗಿನ ಪದ, ಸೋಬಾನೆ, ಜೋಗುಳ, ಏನೆಲ್ಲ ಬರುತ್ತಿತ್ತು ಆಕೆಗೆ. ಫೋನ್ ಎದುರಿಗಿಟ್ಟರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಎರಡು ಸಲ ರೆಕಾರ್ಡ್ ಮಾಡಲು ನೋಡಿದೆ, ಎರಡು ಸಲವೂ ನಡುವೆಯೇ ನಿಲ್ಲಿಸಿಬಿಟ್ಟರು. ಪಕ್ಕದಲ್ಲಿ ಕೂತು ಬರೆದುಕೊಂಡರೆ ಮಾತ್ರ ಹೇಳಿಕೊಂಡು ಹೋಗುತ್ತಿದ್ದರು, ನನ್ನ ಕೈ ಹಿಂದೆ ಬಿದ್ದರೆ ನಿಂತು ಕಾಯುತ್ತಿದ್ದರು. ಹಾಗಾಗಿ ಬರೆಯುವುದೇ ದಾರಿ ಎಂದು ತೀರ್ಮಾನಿಸಿದೆ.

ನನಗೆ ಇಂಕ್ ಪೆನ್ನಿನ ಹುಚ್ಚು ಅಪ್ಪನಿಂದ ಬಂದದ್ದು. ಒಳ್ಳೆಯ ಮಸಿಯಲ್ಲಿ ಬರೆಯಬೇಕೆಂದು ಬೆಂಗಳೂರು ರೋಡಿನ ಅಂಗಡಿಗಳಲ್ಲಿ ಹುಡುಕಿ ನಾಲ್ಕು ನೀಲಿ ಬಾಟಲಿ ತಂದೆ. ಒಂದು ರಾಯಲ್ ಬ್ಲೂ, ಒಂದು ಪರ್ಮನೆಂಟ್ ಬ್ಲೂ ಎಂದು ಚೀಟಿ ಇದ್ದದ್ದು, ಒಂದು ಬ್ಲೂ-ಬ್ಲ್ಯಾಕ್, ಒಂದು ಟರ್ಕ್ವಾಯ್ಸ್. ಬರೆಯಬೇಕಾದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲೇ ನಾಲ್ಕರಲ್ಲೂ ಒಂದೇ ಸಾಲು ಬರೆದು ಹೋಲಿಸಿದೆ. ಯಾವುದು ಎಷ್ಟು ಹೊತ್ತಿಗೆ ಒಣಗುತ್ತದೆ, ಯಾವುದು ಅಕ್ಷರದ ಅಂಚಿನಲ್ಲಿ ಬೇರು ಬಿಟ್ಟಂತೆ ಹರಡುತ್ತದೆ, ಯಾವುದು ಹಾಳೆಯ ಹಿಂಬದಿಗೆ ಇಳಿಯುತ್ತದೆ, ಎಲ್ಲ ನೋಡಿದೆ. ರಾಯಲ್ ಬ್ಲೂ ಎಲ್ಲದರಲ್ಲೂ ಗೆದ್ದಿತು. ಹರಡಲಿಲ್ಲ, ಇಳಿಯಲಿಲ್ಲ, ನಿಬ್ಬಿನಿಂದ ನೀರಿನ ಹಾಗೆ ಸರಾಗ ಬಂತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ಅವರ ಮುಂದೆ ಹಿಡಿದೆ. ಆ ಸಾಲಿನ ಮೇಲೇ ಬೆರಳಿಟ್ಟರು. "ಇದು ಅಗಸಿ ಹೂವಿನ ಬಣ್ಣ ಐತಿ ನೋಡಪ್ಪಾ. ಇದರಾಗ ಬರಿ" ಅಂದರು.

ಒಂದು ಹನಿ ನೀರು ಬಿಟ್ಟು ನೋಡುವುದನ್ನು ಮಾತ್ರ ನಾನು ಮರೆತಿದ್ದೆ.

ಏಳು ತಿಂಗಳು ಬರೆದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೂರ ನಲವತ್ತು ಪುಟ ತುಂಬಿತು. ಪ್ರತಿ ಪದದ ಹೆಸರನ್ನು ಮೇಲೆ ಕೆಂಪು ಬಾಲ್ ಪೆನ್ನಿನಲ್ಲಿ, ಪದವನ್ನು ರಾಯಲ್ ಬ್ಲೂದಲ್ಲಿ. ಆ ವರ್ಷ ದೀಪಾವಳಿ ಆದ ಮೇಲೆ ಅಜ್ಜಿ ಹೋಗಿಬಿಟ್ಟರು. ನೋಟ್‌ಬುಕ್ಕನ್ನು ಗೋಡೆಯ ಗೂಡಿನಲ್ಲಿಟ್ಟೆ. ನಮ್ಮದು ಹಳೇ ಕಲ್ಲಿನ ಮನೆ, ಗೂಡು ಅಂದರೆ ನಮಗೆ ಬೀರುವಿಗಿಂತ ಭದ್ರ.

ಮುಂದಿನ ಏಪ್ರಿಲ್‌ನಲ್ಲಿ ಕಿಟಕಿಗೆ ಕೂಲರ್ ಹಾಕಿದೆವು. ಬಳ್ಳಾರಿಯ ಬೇಸಿಗೆ ಗೊತ್ತಿದ್ದವರಿಗೆ ಯಾಕೆ ಎಂದು ಹೇಳಬೇಕಿಲ್ಲ. ಒಂದು ರಾತ್ರಿ ಅದರ ಪೈಪು ಜಾರಿ ನೀರು ಗೋಡೆಗುಂಟ ಇಳಿದು ಗೂಡಿನಲ್ಲಿ ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ನೋಟ್‌ಬುಕ್ಕಿನ ಕೆಳಗೆ ತಿಳಿನೀಲಿ ಮಡು.

ಗಾಬರಿಯಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಟವೆಲ್ಲಿನಿಂದ ಒರೆಸಿದೆ. ನೀರಿಗೆ ಅರೆಬರೆ ಬಿಟ್ಟುಕೊಂಡಿದ್ದ ಅಕ್ಷರಗಳನ್ನು ನನ್ನ ಕೈಯಾರೆ ತೆಗೆದುಹಾಕಿದಂತಾಯಿತು. ಒದ್ದೆಯಾದ ನೋಟ್‌ಬುಕ್ ಸಿಕ್ಕರೆ ಒರೆಸಬೇಡಿ, ಉಜ್ಜಬೇಡಿ. ಹಾಳೆಗಳ ನಡುವೆ ಒಣ ಬಿಳಿ ಕಾಗದ ಇಟ್ಟು, ಅದು ನೀರು ಹೀರಿದ ಹಾಗೆ ಬದಲಿಸಿ, ಫ್ಯಾನ್ ಗಾಳಿಗೆ ಒಣಗಿಸಿ. ತಕ್ಷಣ ಅದನ್ನು ಮಾಡಲು ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರ್‌ನಲ್ಲಿಡಿ. ನೀರು ಹೆಪ್ಪುಗಟ್ಟಿದರೆ ಮಸಿ ಹರಿಯುವುದು ಅಲ್ಲಿಗೇ ನಿಲ್ಲುತ್ತದೆ. ಗ್ರಂಥಭಂಡಾರಗಳಲ್ಲಿ ನೆನೆದ ಪುಸ್ತಕಗಳಿಗೆ ಹೀಗೇ ಮಾಡುತ್ತಾರೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಒಣಗಿದ ಮೇಲೆ ಉಳಿದದ್ದು ಏನು? ಕೆಂಪು ಬಾಲ್ ಪೆನ್ನಿನ ಹೆಸರುಗಳು ಒಂದೂ ಅಳಿಸಿರಲಿಲ್ಲ, ಬಾಲ್ ಪೆನ್ನಿನದು ಎಣ್ಣೆಯಂಥ ಮಸಿ. ಕೊನೆಯ ಪುಟದಲ್ಲಿ ಅವ್ವ ಪೆನ್ಸಿಲಿನಲ್ಲಿ ಬರೆದಿದ್ದ ಹಾಲಿನ ಲೆಕ್ಕ ಹಾಗೇ ಇತ್ತು. ಹೆಸರಿನ ಕೆಳಗೆ ಪದ ಇರಬೇಕಾದಲ್ಲಿ ಮಾತ್ರ ಮಾಸಿದ ನೀಲಿ ಕಲೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಗುರುತಾದರೂ ಕಾಣಬಹುದೆಂದು ನೋಡಿದೆ. ಇಂಕ್ ಪೆನ್ನಿಗೆ ಒತ್ತುವ ಅಗತ್ಯವೇ ಇಲ್ಲವಲ್ಲ, ಗುರುತೂ ಇರಲಿಲ್ಲ. ನಡುವಿನ ಹಾಳೆಗಳಿಂದ ಒಂಬತ್ತು ಪದ ಪೂರ್ತಿ ಸಿಕ್ಕವು, ಆರೇಳು ತುಂಡು ತುಂಡಾಗಿ.

ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ತಪ್ಪು ಅವರದಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ವಾಷಬಲ್ ಎಂದೇ ಇತ್ತು. ಆ ಮಸಿ ಹುಟ್ಟಿದ್ದೇ ತೊಳೆದರೆ ಹೋಗಲಿ ಎಂದು, ಮಕ್ಕಳ ಯೂನಿಫಾರ್ಮಿನ ಮೇಲೆ ಚೆಲ್ಲಿದರೆ ಅಮ್ಮಂದಿರು ಕಷ್ಟಪಡದಿರಲಿ ಎಂದು. ಜರ್ಮನಿಯ ಶಾಲೆಗಳಲ್ಲಿ ಮಕ್ಕಳು ರಾಯಲ್ ಬ್ಲೂದಲ್ಲಿ ಬರೆಯುತ್ತಾರೆ, ತಪ್ಪಾದರೆ ಅಳಿಸಲು ಬೇರೆ ಪೆನ್ನೇ ಇದೆ. ಆ ಪೆನ್ನಿನ ದ್ರವ ಬಣ್ಣವನ್ನು ಕಿತ್ತು ತೆಗೆಯುವುದಿಲ್ಲ, ಬಣ್ಣದ ಕಣದ ರಚನೆಯನ್ನೇ ಬದಲಿಸಿ ಅದು ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ. ಹಾಗಿದ್ದ ಮೇಲೆ ಈ ಮಸಿಯಲ್ಲಿ ಚೆಕ್ ಬರೆಯುವವರು, ಹೊಲದ ಕರಾರಿಗೆ ಸಹಿ ಹಾಕುವವರು ಸ್ವಲ್ಪ ಯೋಚಿಸಿ. ಮೊತ್ತವನ್ನು ಅಳಿಸಿ ಬೇರೆ ಬರೆಯಲು ಕಳ್ಳನಿಗೆ ಹೆಚ್ಚು ಹೊತ್ತು ಬೇಕಾಗದು.

ಇದಾದ ಮೇಲೆ ಇನ್ನೊಂದು ಅನಾಹುತವನ್ನೂ ಮಾಡಿಕೊಂಡೆ. ನೀರಿಗೆ ಹೋಗದ ಮಸಿ ಬೇಕೆಂದು ಒಂದು ಅಂಗಡಿಯಲ್ಲಿ ಕೇಳಿದೆ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಕೊಟ್ಟರು. ಪೆನ್ನಿಗೆ ಹಾಕಬಹುದಾ ಎಂದು ಕೇಳಿದ್ದಕ್ಕೆ "ಹಾಕ್ಬಹುದ್ರೀ ಸರ್, ಎಲ್ಲಾ ಹಾಕ್ತಾರ" ಅಂದರು. ನಂಬಿ ಅಪ್ಪನ ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನಿಗೆ ತುಂಬಿದೆ. ಚಿತ್ರ ಬರೆಯುವವರು ಅದ್ದಿ ಬರೆಯುವ ಆ ಮಸಿಯಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ಮತ್ತೆ ನೀರಿಗೆ ಕರಗುವುದಿಲ್ಲ. ನಾಲ್ಕೇ ದಿನಕ್ಕೆ ನಿಬ್ಬಿಗೆ ಮಸಿ ಹರಿಸುವ ಅಡಿಯ ನಾಲಿಗೆಯ ಸಂದುಗಳೆಲ್ಲ ಕಟ್ಟಿಕೊಂಡವು. ಬಿಡಿಸೋಣವೆಂದು ಬಿಸಿನೀರಿನಲ್ಲಿ ಅದ್ದಿದೆ. ಎಬೊನೈಟಿಗೆ ಬಿಸಿನೀರು ಆಗದು, ಕರೀ ಹೊಳಪು ಹೋಗಿ ಕಂದುಹಸಿರಿಗೆ ತಿರುಗಿತು. ಅಪ್ಪ ನೋಡಿ ಏನೂ ಅನ್ನಲಿಲ್ಲ. ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟರು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಸಿಕ್ಕಷ್ಟು ನೀಲಿಗಳಲ್ಲಿ ಬರೆದು ಎಂಟು ದಿನ ಬಿಟ್ಟು ಪಟ್ಟಿ ಪಟ್ಟಿ ಕತ್ತರಿಸಿದೆ. ಒಂದು ಜೊತೆಯನ್ನು ಅರ್ಧ ಗಂಟೆ ತಟ್ಟೆಯ ನೀರಿನಲ್ಲಿ ಬಿಟ್ಟೆ. ಇನ್ನೊಂದು ಜೊತೆಯನ್ನು ಅರ್ಧ ರಟ್ಟು ಮುಚ್ಚಿ ಪಡುವಣ ಕಿಟಕಿಗೆ ಅಂಟಿಸಿ ಮೇ ತಿಂಗಳಿಡೀ ಬಿಸಿಲಿಗೆ ಬಿಟ್ಟೆ. ರಾಯಲ್ ಬ್ಲೂ ನೀರಿಗೆ ಒಂದು ನಿಮಿಷವೂ ತಡೆಯಲಿಲ್ಲ, ಬಿಸಿಲಿಗೆ ಬೂದಿ ಬಣ್ಣವಾಯಿತು. ಟರ್ಕ್ವಾಯ್ಸ್ ನೀರಿನಲ್ಲಿ ಅದರ ಹಾದಿಯನ್ನೇ ಹಿಡಿಯಿತು. ಪರ್ಮನೆಂಟ್ ಎಂಬ ಚೀಟಿಯದ್ದು ಮೇಲಿನ ಬಣ್ಣವನ್ನೆಲ್ಲ ಬಿಟ್ಟು, ಕಣ್ಣು ಕಿರಿದು ಮಾಡಿದರೆ ಓದುವಷ್ಟು ಉಳಿಯಿತು. ಚೀಟಿಯ ಆ ಶಬ್ದವನ್ನು ನಾನೀಗ ನಂಬುವುದಿಲ್ಲ. ಗಟ್ಟಿಯಾಗಿ ನಿಂತವು ಎರಡೇ ಜಾತಿ.

ಒಂದು, ಹಳೇ ಪದ್ಧತಿಯ ಬ್ಲೂ-ಬ್ಲ್ಯಾಕ್. ಇದರ ಮೂಲ ಕೇಳಿ ನನಗೆ ಬಹಳ ಖುಷಿಯಾಯಿತು: ಮಾಚಿಕಾಯಿ ಮತ್ತು ಅನ್ನಭೇದಿ! ಬಾಣಂತಿಯರ ಔಷಧಿಗೆಂದು ಗ್ರಂಥಿಗೆ ಅಂಗಡಿಯಿಂದ ಅಜ್ಜಿ ತರಿಸುತ್ತಿದ್ದ ಅದೇ ಮಾಚಿಕಾಯಿ. ಅದರ ಒಗರು ಅನ್ನಭೇದಿಯ ಕಬ್ಬಿಣದ ಜೊತೆ ಸೇರಿ, ಗಾಳಿ ತಾಗಿದ ಮೇಲೆ ಕಾಗದದ ನಾರಿನೊಳಗೇ ಕಪ್ಪಾಗಿ ಕೂರುತ್ತದೆ. ಬರೆಯುವಾಗ ಕಾಣುವ ನೀಲಿ ಕಣ್ಣಿಗೆ ಆಸರೆಯಾಗಲೆಂದು ಸೇರಿಸಿದ ಬಣ್ಣ ಅಷ್ಟೇ. ನನ್ನ ಪಟ್ಟಿಯಲ್ಲೂ ನೀಲಿ ತೊಳೆದುಹೋಗಿ ಬೂದುಗಪ್ಪು ಅಕ್ಷರ ಸ್ಪಷ್ಟವಾಗಿ ನಿಂತಿತು. ಇಂಗ್ಲೆಂಡಿನಲ್ಲಿ ಜನನ, ಮದುವೆಗಳ ದಾಖಲೆಗೆ ರಿಜಿಸ್ಟ್ರಾರ್ಸ್ ಇಂಕ್ ಎಂದು ಬಳಸಿದ್ದು ಇದನ್ನೇ. ಜಪಾನಿನ ಪ್ಲಾಟಿನಂ ಕಂಪನಿಯ ಬ್ಲೂ-ಬ್ಲ್ಯಾಕ್, ಜರ್ಮನಿಯ ರೋರರ್ ಅಂಡ್ ಕ್ಲಿಂಗ್ನರ್ ಅವರ ಸಾಲಿಕ್ಸ್ ಈ ಜಾತಿಯವು. ಆದರೆ ಬ್ಲೂ-ಬ್ಲ್ಯಾಕ್ ಎಂದು ಮಾರುವುದೆಲ್ಲ ಇದಲ್ಲ, ನಾನು ಮೊದಲು ತಂದಿದ್ದ ಬಾಟಲಿ ಬರೀ ಬಣ್ಣದ್ದು, ನೀರಿಗೆ ಹೋಯಿತು. ನಿಜವಾದದ್ದು ಹುಳಿ ಸ್ವಭಾವದ್ದು, ಸ್ಟೀಲ್ ನಿಬ್ಬನ್ನು ನಿಧಾನಕ್ಕೆ ತಿನ್ನಬಹುದು. ತುಂಬಿ ಮರೆತುಬಿಡುವವರಿಗಲ್ಲ.

ಇನ್ನೊಂದು, ಪಿಗ್ಮೆಂಟ್ ನೀಲಿ. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಇಂಕ್ ಪೆನ್ನಿಗೆಂದೇ ಮಾಡಿದ್ದನ್ನು ಮಾತ್ರ ಕೊಳ್ಳಿ. ಪ್ಲಾಟಿನಂ ಪಿಗ್ಮೆಂಟ್ ಬ್ಲೂ, ಸೈಲರ್ ಸೇಬೊಕು ಅಂಥವು. ಬೆಲೆ ಜಾಸ್ತಿ, ಆದರೆ ನೀರಿಗೂ ಬಿಸಿಲಿಗೂ ನನ್ನ ಪಟ್ಟಿ ಹಾಗೇ ಇತ್ತು. ಒಣಗಲು ಬಿಟ್ಟರೆ ಇದೂ ಪೆನ್ನನ್ನು ಕಟ್ಟಿಸುತ್ತದೆ. ನಮ್ಮ ಬಿಸಿಲಿಗೆ ಪೆನ್ನಿನೊಳಗಿನ ನೀರಂಶ ಬೇಗ ಆರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಾಲಾದರೂ ಬರೆಯಿರಿ, ಇಲ್ಲದಿದ್ದರೆ ಖಾಲಿ ಮಾಡಿ ತೊಳೆದಿಡಿ. ತೊಳೆಯಲು ಬೋರ್ ನೀರು ಬೇಡ, ಆರಿದ ಮೇಲೆ ಬಿಳಿ ಉಪ್ಪು ಕೂರುತ್ತದೆ. ಕ್ಯಾನಿನ ಫಿಲ್ಟರ್ ನೀರು ಒಂದು ಲೋಟ ಸಾಕು. ಒಂದು ಮಸಿಯ ಮೇಲೆ ಇನ್ನೊಂದನ್ನು ಸುರಿಯಲೂ ಬೇಡಿ. ಹುಳಿಯದ್ದೂ ಕ್ಷಾರದ್ದೂ ಸೇರಿದರೆ ಒಳಗೇ ಒಡೆದ ಹಾಲಿನ ಹಾಗೆ ಗಸಿ ಕಟ್ಟಬಹುದು.

ನಿಮ್ಮ ಮನೆಯಲ್ಲಿ ತಿಳಿನೀಲಿ ಮಸಿಯಲ್ಲಿ ಬರೆದ ಹಳೇ ಕಾಗದ, ಜಾತಕ, ಹಿರಿಯರ ಡೈರಿ ಇದ್ದರೆ ಇವತ್ತು ಸಂಜೆಯೇ ಒಂದೊಂದು ಪುಟದ ಫೋಟೋ ತೆಗೆಯಿರಿ. ಯಾವ ಮಸಿ ಎಂದು ಗೊತ್ತಿಲ್ಲದಿದ್ದರೆ ಅಕ್ಷರದ ಮೇಲೆ ನೀರು ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ. ಅದನ್ನು ರಾಯಲ್ ಬ್ಲೂ ಎಂದೇ ತಿಳಿದು ಕಾಪಾಡಿ.

ಸಿರುಗುಪ್ಪದಲ್ಲಿ ಅಜ್ಜಿಯ ತಂಗಿ ಇದ್ದಾರೆ, ನಮಗೆ ಸಣ್ಣಜ್ಜಿ. ಆ ಕೆಂಪು ಅಕ್ಷರದ ಹೆಸರುಗಳನ್ನೆಲ್ಲ ಒಂದು ಹಾಳೆಗಿಳಿಸಿ ಕಳೆದ ಎರಡು ಭಾನುವಾರ ಹೋಗಿ ಓದಿ ಹೇಳಿದೆ. ಹನ್ನೊಂದು ಪದ ನೆನಪಿದ್ದವು, ಕೆಲವು ಸಾಲು ಅಜ್ಜಿ ಹೇಳಿದ್ದಕ್ಕಿಂತ ಬೇರೆ. ಪಿಗ್ಮೆಂಟ್ ಮಸಿಯಲ್ಲಿ ಬರೆದುಕೊಂಡೆ, ಅಲ್ಲೇ ಕೂತು ಫೋಟೋ ತೆಗೆದು ಅಕ್ಕನ ಫೋನಿಗೂ ಕಳಿಸಿದೆ. ಉಳಿದವನ್ನು ಕೇಳಿದ್ದಕ್ಕೆ ಹೆಸರಿನ ಪಟ್ಟಿಯನ್ನು ಇನ್ನೊಂದು ಸಲ ಓದಿಸಿಕೊಂಡರು. "ಇದು ನಮ್ಮಕ್ಕಗಷ್ಟ ಬರ್ತಿತ್ತು" ಅಂದರು.