ಫ್ಲಟರ್: ಹೊಸಬರ ಕೈಗೆ ಬೇಗ ಒಗ್ಗುತ್ತದೆ, ಲೇಔಟ್‌ಗೆ ಮಾತ್ರ ತಾಳ್ಮೆ ಬೇಕು

ಆ್ಯಪ್ ಬರೆಯುವುದನ್ನು ಈಗಷ್ಟೇ ಶುರು ಮಾಡುವವರಿಗೆ ಫ್ಲಟರ್ ಎಂಬ ಟೂಲ್‌ಕಿಟ್ ಒಳ್ಳೆಯ ಆಯ್ಕೆ. ಗೂಗಲ್ ಇದರ 1.0 ಆವೃತ್ತಿಯನ್ನು 2018ರ ಡಿಸೆಂಬರ್‌ನಲ್ಲಿ ಹೊರತಂದಿತು. ಉಚಿತ, ಓಪನ್ ಸೋರ್ಸ್, ಒಂದೇ ಕೋಡ್‌ನಿಂದ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್. ಐಫೋನ್ ಬಿಲ್ಡ್‌ಗೆ (ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವುದಕ್ಕೆ) ಮಾತ್ರ ಮ್ಯಾಕ್ ಮತ್ತು ಆ್ಯಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಬೇಕೇ ಬೇಕು. ವಿಂಡೋಸ್ ಇದ್ದವರು ಆಂಡ್ರಾಯ್ಡ್‌ನಿಂದಲೇ ಶುರು ಮಾಡಲಿ.

ಎಷ್ಟೋ ಜನ ಕೈಬಿಡುವುದು ಇನ್‌ಸ್ಟಾಲ್ ಮಾಡುವಾಗಲೇ. ಫ್ಲಟರ್ ಎಸ್‌ಡಿಕೆಯನ್ನು (ಡೌನ್‌ಲೋಡ್ ಮಾಡಿದ ಅದರ ಟೂಲ್‌ಗಳ ಕಟ್ಟು) ಪ್ರೋಗ್ರಾಂ ಫೈಲ್ಸ್ ಒಳಗೆ ಬಿಚ್ಚಬೇಡಿ, ಅಲ್ಲಿ ಅಡ್ಮಿನ್ ಅನುಮತಿಯ ತೊಡಕು. ಹೆಸರಿನಲ್ಲಿ ಸ್ಪೇಸ್ ಇಲ್ಲದ ಫೋಲ್ಡರ್ ಇರಲಿ. ಅದರೊಳಗಿನ ಬಿನ್ ಫೋಲ್ಡರನ್ನು ಪಾತ್‌ಗೆ (ಕಮಾಂಡ್‌ಗಳಿಗಾಗಿ ಕಂಪ್ಯೂಟರ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿ, ಟರ್ಮಿನಲ್‌ನಲ್ಲಿ 'ಫ್ಲಟರ್ ಡಾಕ್ಟರ್' ಕಮಾಂಡ್ ಓಡಿಸಿ. ಏನು ಸರಿಯಿಲ್ಲ ಎಂದು ಅದೇ ಹೇಳುತ್ತದೆ. ಕಮಾಂಡ್‌ಲೈನ್ ಟೂಲ್ಸ್ ಇಲ್ಲ ಎಂಬ ದೂರು ತುಂಬ ಸಾಮಾನ್ಯ. ಆಂಡ್ರಾಯ್ಡ್ ಸ್ಟುಡಿಯೋ ತಂತ್ರಾಂಶದ ಎಸ್‌ಡಿಕೆ ಮ್ಯಾನೇಜರ್‌ನಲ್ಲಿ ಎಸ್‌ಡಿಕೆ ಟೂಲ್ಸ್ ಟ್ಯಾಬ್‌ಗೆ ಹೋಗಿ ಅದಕ್ಕೆ ಟಿಕ್ ಹಾಕಿ, ಆಮೇಲೆ ಲೈಸೆನ್ಸ್‌ಗಳನ್ನು ಒಪ್ಪಿಕೊಳ್ಳಿ. ಮೊದಲ ಬಿಲ್ಡ್‌ನಲ್ಲಿ, ಆ್ಯಪ್ ಕಟ್ಟುವ ಟೂಲ್ ಆದ ಗ್ರೇಡಲ್ ತನಗೆ ಬೇಕಾದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳುವುದರಿಂದ ಹಲವು ನಿಮಿಷ ಹಿಡಿಯುತ್ತದೆ. ನಿಂತುಹೋಯಿತೆಂದು ನಡುವೆ ಮುಚ್ಚಬೇಡಿ. ರ‍್ಯಾಮ್ ಕಡಿಮೆಯಿದ್ದರೆ ಎಮ್ಯುಲೇಟರ್ (ಕಂಪ್ಯೂಟರ್ ಒಳಗಿನ ಅಣಕು ಫೋನ್) ಬಿಟ್ಟು ನಿಜವಾದ ಫೋನನ್ನೇ ಜೋಡಿಸಿ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿದರೆ ಆಯಿತು.

ಇದರ ಭಾಷೆ ಡಾರ್ಟ್. ಜಾವಾ ಅಥವಾ ಜಾವಾಸ್ಕ್ರಿಪ್ಟ್ ಗೊತ್ತಿದ್ದವರಿಗೆ ಕಷ್ಟವಿಲ್ಲ. ನಲ್ ಸೇಫ್ಟಿ (ಬೆಲೆಯೇ ಇಲ್ಲದ ವೇರಿಯಬಲ್ ಬಳಸದಂತೆ ತಡೆಯುವ ವ್ಯವಸ್ಥೆ) ವಿಷಯದಲ್ಲಿ ಒಂದು ಎಚ್ಚರ: ಕೋಡನ್ನು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ತಕರಾರು ಮಾಡಿದಾಗಲೆಲ್ಲ ಆಶ್ಚರ್ಯಚಿಹ್ನೆ (!) ಹಾಕಿ ಅದರ ಬಾಯಿ ಮುಚ್ಚಿಸಬೇಡಿ. ಆ ತಪ್ಪು ಆಮೇಲೆ ಆ್ಯಪ್ ಓಡುವಾಗ ಕ್ರ್ಯಾಶ್ ಆಗಿ ಕಾಡುತ್ತದೆ. ಪಾಠದ ವಿಡಿಯೋ ಆರಿಸುವಾಗ ದಿನಾಂಕ ನೋಡಿ. ರೈಸ್ಡ್‌ಬಟನ್, ಫ್ಲಾಟ್‌ಬಟನ್ ಬಳಸಿದ ಪಾಠಗಳು ಹಳೆಯವು, ಆ ಕೋಡ್ ಈಗ ಕಂಪೈಲ್ ಆಗುವುದಿಲ್ಲ. ಅವುಗಳ ಜಾಗದಲ್ಲಿ ಎಲಿವೇಟೆಡ್‌ಬಟನ್, ಟೆಕ್ಸ್ಟ್‌ಬಟನ್ ಇವೆ.

ಹಾಟ್ ರೀಲೋಡ್ ಫ್ಲಟರ್‌ನ ದೊಡ್ಡ ಶಕ್ತಿ. ಬಣ್ಣ ಬದಲಿಸಿ ಸೇವ್ ಮಾಡಿದರೆ, ಆ್ಯಪ್ ಇದ್ದ ಪರದೆಯಲ್ಲೇ ಬದಲಾವಣೆ ಕಾಣುತ್ತದೆ. ಹೊಸಬರ ಉತ್ಸಾಹ ಉಳಿಸುವುದೇ ಇದು. ಆದರೆ ಇನಿಟ್‌ಸ್ಟೇಟ್ (ಪರದೆಯ ಭಾಗ ಹುಟ್ಟುವಾಗ ಒಮ್ಮೆ ಓಡುವ ಫಂಕ್ಷನ್) ಒಳಗಿನ ಕೋಡ್, ಮೇನ್ ಫಂಕ್ಷನ್, ಗ್ಲೋಬಲ್ ವೇರಿಯಬಲ್‌ಗಳ ಆರಂಭಿಕ ಬೆಲೆ ಇವು ಹಾಟ್ ರೀಲೋಡ್‌ನಲ್ಲಿ ಮತ್ತೆ ಓಡುವುದಿಲ್ಲ. ಬದಲಾಯಿಸಿದ್ದು ಕಾಣದಿದ್ದರೆ ಟರ್ಮಿನಲ್‌ನಲ್ಲಿ ಶಿಫ್ಟ್ ಹಿಡಿದು ಆರ್ ಒತ್ತಿ ಹಾಟ್ ರೀಸ್ಟಾರ್ಟ್ ಮಾಡಿ.

ನಿಜವಾದ ಪರೀಕ್ಷೆ ಲೇಔಟ್, ಅಂದರೆ ವಿಜೆಟ್‌ಗಳನ್ನು (ಬಟನ್, ಟೆಕ್ಸ್ಟ್‌ನಂಥ ಭಾಗಗಳು) ಪರದೆಯ ಮೇಲೆ ಜೋಡಿಸುವುದು. ನಿಯಮ ಇಷ್ಟೇ: ಎಷ್ಟು ಜಾಗದ ಮಿತಿ ಎಂದು ತಾಯಿ ವಿಜೆಟ್ ಹೇಳುತ್ತದೆ, ಆ ಮಿತಿಯೊಳಗೆ ತನ್ನ ಅಳತೆಯನ್ನು ಮಗು ವಿಜೆಟ್ ತಿಳಿಸುತ್ತದೆ, ಅದನ್ನು ಎಲ್ಲಿಡಬೇಕೆಂದು ತಾಯಿಯೇ ತೀರ್ಮಾನಿಸುತ್ತದೆ. ಇದು ಅರ್ಥವಾಗದೆ ಮುಂದೆ ಹೋದರೆ ಎಲ್ಲವೂ ಅಂದಾಜಿನ ಕೆಲಸವಾಗುತ್ತದೆ. ಮಕ್ಕಳನ್ನು ಅಡ್ಡಸಾಲಿನಲ್ಲಿ ಜೋಡಿಸುವ ರೋ ಒಳಗೆ ಒಂದು ಐಕಾನ್, ಪಕ್ಕದಲ್ಲಿ ಉದ್ದನೆಯ ಟೆಕ್ಸ್ಟ್ ಇಟ್ಟು ನೋಡಿ. ಪರದೆಯ ಬಲ ಅಂಚಿನಲ್ಲಿ ಹಳದಿ ಕಪ್ಪು ಪಟ್ಟೆಗಳು, ಜೊತೆಗೆ ಎಷ್ಟು ಪಿಕ್ಸೆಲ್ ಹೊರಚೆಲ್ಲಿದೆ ಎಂಬ ಲೆಕ್ಕ. ರೋ ತನ್ನ ಮಕ್ಕಳಿಗೆ ಅಗಲದ ಮಿತಿ ಹಾಕದಿರುವುದರಿಂದ ಟೆಕ್ಸ್ಟ್ ಸಾಲು ಮುರಿಯದೆ ಉದ್ದಕ್ಕೆ ಹರಿಯುತ್ತದೆ. ಟೆಕ್ಸ್ಟನ್ನು ಎಕ್ಸ್‌ಪ್ಯಾಂಡೆಡ್ ವಿಜೆಟ್ ಒಳಗೆ ಹಾಕಿದರೆ ಉಳಿದ ಜಾಗವಷ್ಟೇ ಅದರದು, ಸಾಲು ತಾನಾಗಿ ಮುರಿಯುತ್ತದೆ. ಮೇಲಿಂದ ಕೆಳಗೆ ಜೋಡಿಸುವ ಕಾಲಮ್ ಒಳಗೆ, ಸ್ಕ್ರಾಲ್ ಆಗುವ ಪಟ್ಟಿಯಾದ ಲಿಸ್ಟ್‌ವ್ಯೂ ಇಟ್ಟಾಗ ಎತ್ತರಕ್ಕೆ ಮಿತಿಯಿಲ್ಲ ಎಂದು ಬರುವ ಎರರ್‌ನ ಮೂಲವೂ ಇದೇ, ಮದ್ದೂ ಅದೇ. ಅಲ್ಲಿ ಪಟ್ಟಿಯನ್ನು ಐಟಂಗಳಷ್ಟೇ ಎತ್ತರಕ್ಕೆ ಕುಗ್ಗಿಸುವ ಶ್ರಿಂಕ್‌ರ‍್ಯಾಪ್ ಹಾಕಿ ಎಂದು ಹಲವರು ಸಲಹೆ ಕೊಡುತ್ತಾರೆ. ಉದ್ದ ಪಟ್ಟಿಗೆ ಅದು ಬೇಡ: ಎತ್ತರ ತಿಳಿಯಲು ಅಷ್ಟೂ ಐಟಂಗಳನ್ನು ಒಮ್ಮೆಲೇ ಕಟ್ಟಬೇಕಾಗಿ ಆ್ಯಪ್ ನಿಧಾನವಾಗುತ್ತದೆ.

ಸ್ಟೇಟ್ ಮ್ಯಾನೇಜ್‌ಮೆಂಟ್‌ಗೆ, ಅಂದರೆ ಬದಲಾಗುವ ಮಾಹಿತಿಯನ್ನು ಪರದೆಗೆ ತಲುಪಿಸಲು, ಆರಂಭದಲ್ಲಿ ಸೆಟ್‌ಸ್ಟೇಟ್ ಫಂಕ್ಷನ್ ಸಾಕು. ಪ್ರೊವೈಡರ್, ರಿವರ್‌ಪಾಡ್, ಬ್ಲಾಕ್ ಎಂಬ ಪ್ಯಾಕೇಜ್‌ಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಈಗಲೇ ತಲೆ ಕೊಡಬೇಡಿ. ಒಂದೇ ಮಾಹಿತಿ ಮೂರ‍್ನಾಲ್ಕು ಪರದೆಗಳಿಗೆ ಬೇಕಾದಾಗ ಅವುಗಳ ಅಗತ್ಯ ನಿಮಗೇ ಗೊತ್ತಾಗುತ್ತದೆ. ಅವೇಟ್ (ಸರ್ವರ್‌ನ ಉತ್ತರದಂಥದ್ದಕ್ಕೆ ಕಾಯುವುದು) ಮುಗಿದ ಮೇಲೆ ಸೆಟ್‌ಸ್ಟೇಟ್ ಕರೆಯುವ ಮುನ್ನ ಮೌಂಟೆಡ್ ನಿಜವೇ, ಅಂದರೆ ಆ ವಿಜೆಟ್ ಇನ್ನೂ ಉಳಿದಿದೆಯೇ ಎಂದು ನೋಡುವ ಅಭ್ಯಾಸವಿರಲಿ. ಅಷ್ಟರಲ್ಲಿ ಬಳಕೆದಾರರು ಹಿಂದಿನ ಪರದೆಗೆ ಹೋಗಿದ್ದರೆ ಎರರ್ ಖಚಿತ.

ಆ್ಯಪ್ ಎಳೆಯುತ್ತಿದೆ ಅನಿಸಿದರೆ ಕೋಡ್ ಬರೆಯುವಾಗ ಬಳಸುವ ಡೀಬಗ್ ಮೋಡ್ ನೋಡಿ ತೀರ್ಪು ಕೊಡಬೇಡಿ, ವೇಗ ಅಳೆಯಲೆಂದೇ ಇರುವ ಪ್ರೊಫೈಲ್ ಮೋಡ್‌ನಲ್ಲಿ ಓಡಿಸಿ ಅಳೆಯಿರಿ. ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಸರ್ವರ್‌ನ ಮಾಹಿತಿ ಬರದಿದ್ದರೆ ಮೊದಲು ಮೇನ್ ಫೋಲ್ಡರಿನ ಆಂಡ್ರಾಯ್ಡ್ ಮ್ಯಾನಿಫೆಸ್ಟ್ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಫೈಲ್) ತೆರೆಯಿರಿ. ಇಂಟರ್ನೆಟ್ ಅನುಮತಿ ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ ತಾನಾಗಿ ಇರುತ್ತದೆ, ಮೇನ್‌ನಲ್ಲಿ ನೀವೇ ಬರೆಯಬೇಕು. ಹಾಗೆಯೇ ಕಾಮ್ ಡಾಟ್ ಎಕ್ಸಾಂಪಲ್ ಎಂದು ಶುರುವಾಗುವ ಆ್ಯಪ್ ಐಡಿಯನ್ನು ಪ್ಲೇ ಸ್ಟೋರ್ ಒಪ್ಪುವುದಿಲ್ಲ. ಪ್ರಕಟಿಸಿದ ಮೇಲೆ ಐಡಿ ಬದಲಿಸಲು ಆಗುವುದೂ ಇಲ್ಲ, ಆದ್ದರಿಂದ ಪ್ರಾಜೆಕ್ಟ್ ತೆರೆಯುವಾಗಲೇ ನಿಮ್ಮದೇ ಹೆಸರು ಕೊಟ್ಟುಬಿಡಿ.