ಕಹೂಟ್, ಕ್ವಿಜಿಜ್, ಪ್ಲಿಕರ್ಸ್, ಗೂಗಲ್ ಫಾರ್ಮ್ಸ್: ಒಂದೇ ಪ್ರಶ್ನೆ, ನಾಲ್ಕು ಕಡೆ

ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆ ಪಾಠ ಮುಗಿಸಿದ ಮೇಲೆ ನಾನು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ. ನೇರ ಮೇಲಕ್ಕೆ ಎಸೆದ ಕಲ್ಲು ತುತ್ತತುದಿ ಮುಟ್ಟಿದ ಗಳಿಗೆಯಲ್ಲಿ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಸೊನ್ನೆ, ಮೇಲ್ಮುಖವಾಗಿ 9.8 ಮೀ/ಸೆ², ಕೆಳಮುಖವಾಗಿ 9.8 ಮೀ/ಸೆ², ಹೇಳಲಾಗದು ಎಂದು ನಾಲ್ಕು ಆಯ್ಕೆ. ಕೈ ಎತ್ತಿಸಿ ಕೇಳಿದರೆ ಉಪಯೋಗವಿಲ್ಲ. ಮುಂದಿನ ಬೆಂಚಿನ ಜಾಣರು ಯಾವುದಕ್ಕೆ ಎತ್ತುತ್ತಾರೋ ಹಿಂದಿನವರೂ ಅದಕ್ಕೇ ಎತ್ತುತ್ತಾರೆ, ಯಾರಿಗೆ ಏನು ಅರ್ಥವಾಗಿದೆ ಎನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ಶಿಕ್ಷಕರ ತರಬೇತಿಗಳಲ್ಲಿ ಎಲ್ಲರೂ ಹೆಸರು ಹೇಳುವ, ತರಗತಿಯಲ್ಲಿ ಕ್ವಿಜ್ ಮಾಡಿಸುವ ನಾಲ್ಕು ಉಚಿತ ಸಾಧನಗಳಿಗೆ ಇದೇ ಪ್ರಶ್ನೆ ಹಾಕಿ ನೋಡಿದ್ದು ಆ ಕಾರಣಕ್ಕೆ.

ನನ್ನದು ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ತರಗತಿಯಲ್ಲಿ ಒಂದು ಪ್ರೊಜೆಕ್ಟರ್, ನನ್ನ ಮೊಬೈಲಿನ ಹಾಟ್‌ಸ್ಪಾಟ್, ಇಷ್ಟೇ. ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ. ಮನೆಯಲ್ಲಿ ಅಪ್ಪನದೋ ಅಣ್ಣನದೋ ಫೋನು ರಾತ್ರಿ ಊಟದ ಹೊತ್ತಿಗೆ ಕೈಗೆ ಸಿಕ್ಕರೆ ಸಿಕ್ಕಿತು. ನಗರದ ಖಾಸಗಿ ಶಾಲೆಯಲ್ಲಿ ಪ್ರತಿ ಮಗುವಿನ ಮುಂದೆಯೂ ಟ್ಯಾಬ್ ಇರುವವರಿಗೆ ಮುಂದಿನ ಲೆಕ್ಕಾಚಾರ ಬೇರೆಯೇ ಆದೀತು.

ಮೊದಲು ಕಹೂಟ್. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಜನರ ಕೈಗೆ ಬಂದದ್ದು. ಪ್ರಶ್ನೆ ದೊಡ್ಡ ಪರದೆಯ ಮೇಲೆ ಬರುತ್ತದೆ. ಮಕ್ಕಳು ತಮ್ಮ ಮುಂದಿನ ಗಣಕದಲ್ಲೋ ಮೊಬೈಲಿನಲ್ಲೋ ಕೆಂಪು ತ್ರಿಕೋನ, ನೀಲಿ ವಜ್ರಾಕೃತಿ, ಹಳದಿ ವೃತ್ತ, ಹಸಿರು ಚೌಕ ಇವಿಷ್ಟನ್ನು ಒತ್ತುವುದು. ಕಂಪ್ಯೂಟರ್ ಕೊಠಡಿಗೆ ಕರೆದುಕೊಂಡು ಹೋಗಿ, ಒಂದೊಂದು ಗಣಕದ ಮುಂದೆ ನಾಲ್ಕೈದು ಮಂದಿಯ ತಂಡ ಕೂರಿಸಿ ಆಡಿಸಿದೆ. ತಂಡದ ಆಟಕ್ಕೆಂದೇ ಅದರಲ್ಲಿ ಒಂದು ವಿಧಾನವಿದೆ. ಆ ಸಂಗೀತ, ಆ ಕೂಗಾಟ! ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ಇಣುಕಿದರು. ಉತ್ಸಾಹದ ವಿಷಯಕ್ಕೆ ಬಂದರೆ ಕಹೂಟ್‌ಗೆ ಎದುರಿಲ್ಲ.

ಆದರೆ ನನ್ನ ಪ್ರಶ್ನೆ ಅಲ್ಲಿ ಸೋತಿತು. ಕಹೂಟ್‌ನಲ್ಲಿ ಸರಿ ಉತ್ತರಕ್ಕೆ ಗರಿಷ್ಠ 1000 ಅಂಕ. ತಡಮಾಡಿದಷ್ಟೂ ಇಳಿದು, ಕೊನೇ ಕ್ಷಣದಲ್ಲಿ ಒತ್ತಿದವರಿಗೆ ಸುಮಾರು ಅರ್ಧ. ವೇಗೋತ್ಕರ್ಷದ ಪ್ರಶ್ನೆಗೆ ಯೋಚನೆ ಬೇಕು, ಅವಸರ ಮಾಡಿದವರು ‘ಸೊನ್ನೆ’ ಎಂಬ ತಪ್ಪು ಆಯ್ಕೆಗೇ ಬೀಳುತ್ತಾರೆ. ಸಮಯವನ್ನು ನಾಲ್ಕು ನಿಮಿಷದವರೆಗೆ ಹಿಗ್ಗಿಸಬಹುದು, ಅಂಕವನ್ನೇ ತೆಗೆದುಹಾಕಲೂಬಹುದು. ತೆಗೆದರೆ ಆಟದ ಕಾವು ಹೋಯಿತು. ಸಮಯ ಮುಗಿದ ತಕ್ಷಣ ಸರಿ ಉತ್ತರಕ್ಕೆ ಗುರುತು ಬಿದ್ದು ಕಂಬದ ನಕ್ಷೆ ಬರುತ್ತದೆ, ಅದರ ಬೆನ್ನಿಗೇ ಯಾರು ಮುಂದಿದ್ದಾರೆ ಎಂಬ ಪಟ್ಟಿ. ‘ಯಾಕೆ ಸೊನ್ನೆ ಅಲ್ಲ?’ ಅಂತ ನಾನು ಕೇಳುವಷ್ಟರಲ್ಲಿ ಎಲ್ಲರ ಕಣ್ಣೂ ಪಟ್ಟಿಯ ಮೇಲೆ. ಹೆಸರು ಗುರುತಿಸುವ, ಏಕಮಾನ ಹೇಳುವ, ಸಂಕೇತ ನೆನಪಿಡುವ ಪ್ರಶ್ನೆಗಳಿಗೆ ಕಹೂಟ್ ಚೆನ್ನ. ಆವರ್ತ ಕೋಷ್ಟಕದ ಪುನರಾವರ್ತನೆಗೆ ಈಗಲೂ ಅದನ್ನೇ ಹಚ್ಚುತ್ತೇನೆ.

ಕನ್ನಡದಲ್ಲಿ ಪ್ರಶ್ನೆ ಬರೆಯುವವರು ಒಂದು ವಿಷಯ ಗಮನಿಸಬೇಕು. ಕಹೂಟ್‌ನಲ್ಲಿ ಪ್ರಶ್ನೆಗೂ ಉತ್ತರಕ್ಕೂ ಅಕ್ಷರಮಿತಿ ಇದೆ. ಗಣಕ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆಯೂ ಬೇರೆ ಎಣಿಕೆ, ಒತ್ತಕ್ಷರಕ್ಕೆ ಬೇಕಾದ ಹಲಂತದ ಚಿಹ್ನೆಯೂ ಬೇರೆ ಎಣಿಕೆ. ‘ದ್ಯುತಿಸಂಶ್ಲೇಷಣೆ’ ನಮ್ಮ ಕಣ್ಣಿಗೆ ಆರು ಅಕ್ಷರ, ಗಣಕದ ಲೆಕ್ಕಕ್ಕೆ ಹದಿನೈದು. ಇಂಗ್ಲಿಷಿನಲ್ಲಿ ಸಲೀಸಾಗಿ ಹಿಡಿಸುವ ಪ್ರಶ್ನೆಯನ್ನು ಕನ್ನಡದಲ್ಲಿ ಮೊಟಕು ಮಾಡಬೇಕಾಗುತ್ತದೆ.

ಕ್ವಿಜಿಜ್ ನಮ್ಮ ಬೆಂಗಳೂರಿನಲ್ಲೇ 2015ರಲ್ಲಿ ಶುರುವಾದದ್ದು. 2025ರಲ್ಲಿ ಹೆಸರು ಬದಲಿಸಿ ವೇಗ್ರೌಂಡ್ ಆಗಿದೆ, ಶಿಕ್ಷಕರ ಬಾಯಲ್ಲಿ ಮಾತ್ರ ಇನ್ನೂ ಕ್ವಿಜಿಜ್ಜೇ. ಇಲ್ಲಿ ಪ್ರಶ್ನೆ ಮಗುವಿನ ಪರದೆಯ ಮೇಲೇ ಬರುತ್ತದೆ, ಅವರವರ ಓಟ ಅವರವರದು. ಸಮಯದ ಮಿತಿ ತೆಗೆಯಬಹುದು, ಮನೆಗೆಲಸವಾಗಿ ಕೊಡಬಹುದು. ನಿಧಾನವಾಗಿ ಓದುವ ಮಕ್ಕಳ ಮೇಲೆ ಕರುಣೆಯಿರುವ ಸಾಧನ ಅಂತ ನನಗನ್ನಿಸಿತು. ಯಾವ ಪ್ರಶ್ನೆಯಲ್ಲಿ ಎಷ್ಟು ಜನ ಎಡವಿದರು, ಯಾವ ಆಯ್ಕೆಗೆ ಎಡವಿದರು ಎಂಬ ವರದಿ ಅಚ್ಚುಕಟ್ಟು. ಬೇರೆ ಶಿಕ್ಷಕರು ಮಾಡಿಟ್ಟ ಕ್ವಿಜ್‌ಗಳನ್ನು ನಕಲು ಮಾಡಿಕೊಂಡು ತಿದ್ದುವ ಸೌಲಭ್ಯವೂ ಇದೆ. ನಮ್ಮ ಪಠ್ಯಪುಸ್ತಕದ ಪಾರಿಭಾಷಿಕ ಪದಗಳಿಗೆ ಹೊಂದುವಂತೆ ಪ್ರತಿ ಸಾಲನ್ನೂ ಓದಿ ತಿದ್ದದೇ ಮಕ್ಕಳಿಗೆ ಕೊಡಬೇಡಿ.

ಕೊರತೆಯೆಂದರೆ, ತರಗತಿ ಒಟ್ಟಾಗಿ ಒಂದು ಪ್ರಶ್ನೆಯ ಮುಂದೆ ನಿಲ್ಲುವುದೇ ಇಲ್ಲ. ಒಬ್ಬ ಮೂರನೇ ಪ್ರಶ್ನೆಯಲ್ಲಿದ್ದರೆ ಇನ್ನೊಬ್ಬಳು ಒಂಬತ್ತರಲ್ಲಿ. ಶಿಕ್ಷಕರ ಗತಿಗೆ ಕಟ್ಟಿಹಾಕುವ ವಿಧಾನವೂ ಇದೆ, ಆದರೂ ಮಕ್ಕಳ ಮುಖ ಅವರವರ ಪರದೆಯ ಕಡೆಗೇ.

ಪ್ಲಿಕರ್ಸ್ ವಿಷಯಕ್ಕೆ ಬರೋಣ, ನನಗೆ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆ. ಅಮೆರಿಕದ ಗಣಿತ ಶಿಕ್ಷಕರೊಬ್ಬರು ತಮ್ಮ ತರಗತಿಗಾಗಿ ಕಟ್ಟಿದ್ದು. ಮಕ್ಕಳ ಕೈಯಲ್ಲಿ ಯಾವ ಸಾಧನವೂ ಬೇಡ, ಒಂದೊಂದು ಕಾಗದದ ಕಾರ್ಡ್ ಸಾಕು. ಕಾರ್ಡಿನ ಮೇಲೆ ಕಪ್ಪು ಚೌಕಗಳ ವಿನ್ಯಾಸ, ಪ್ರತಿ ಕಾರ್ಡಿಗೂ ಬೇರೆ ಬೇರೆ. ನಾಲ್ಕು ಬದಿಗೂ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿದರಾಯಿತು. ಶಿಕ್ಷಕರು ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಆಡಿಸುತ್ತಾರೆ, ಯಾರ ಉತ್ತರ ಏನೆಂದು ದಾಖಲಾಗುತ್ತದೆ. ಪಕ್ಕದವನ ಕಾರ್ಡ್ ನೋಡಿದರೂ ಗೊತ್ತಾಗದು, ಇಬ್ಬರ ವಿನ್ಯಾಸವೂ ಬೇರೆಯಲ್ಲವೇ. ಕಾರ್ಡುಗಳ ಪಿಡಿಎಫ್ ಉಚಿತ, ದೊಡ್ಡ ಸೆಟ್ಟಿನಲ್ಲಿ 63 ಕಾರ್ಡ್‌ಗಳಿವೆ. ನಮ್ಮ ಎಷ್ಟೇ ತುಂಬಿದ ವಿಭಾಗಕ್ಕೂ ಸಾಕು.

ಮುದ್ರಿಸಿ, ಹಳೇ ಲಗ್ನಪತ್ರಿಕೆಗಳ ರಟ್ಟಿಗೆ ಅಂಟಿಸಿದೆ. ಲ್ಯಾಮಿನೇಷನ್ ಮಾಡಿಸುವವರು ಹೊಳಪಿನದು ಮಾಡಿಸಬೇಡಿ, ಟ್ಯೂಬ್‌ಲೈಟ್ ಪ್ರತಿಫಲಿಸಿದರೆ ಕ್ಯಾಮೆರಾ ಓದುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತ ಸಾಲಿನದೂ ಅದೇ ಗೋಳು. ಹಿಂದಿನಿಂದ ಬೆಳಕು ಬಂದರೆ ಕಾರ್ಡೆಲ್ಲ ಕಪ್ಪು. ನಾನು ಪ್ಲಿಕರ್ಸ್ ಮಾಡುವಾಗ ಆ ಕಡೆಯ ಕಿಟಕಿ ಮುಚ್ಚಿಸುತ್ತೇನೆ. ಚೌಕದ ಮೇಲೆ ಹೆಬ್ಬೆರಳು ಬಿದ್ದರೂ ಓದದು, ಅಂಚು ಹಿಡಿಯುವ ಅಭ್ಯಾಸ ಮಾಡಿಸಬೇಕು.

ಮೊದಲ ಸಲ ಕಾರ್ಡ್ ಎತ್ತಿಸಿದಾಗ ಬಹುಪಾಲು ಮಕ್ಕಳದು ಸೊನ್ನೆಯೇ. ಜಾಣರೆಂದು ನಾನು ಎಣಿಸಿದವರದೂ. ಇಲ್ಲಿ ನಕ್ಷೆಯನ್ನು ಯಾವಾಗ ತೋರಿಸಬೇಕು, ಸರಿ ಉತ್ತರವನ್ನು ಯಾವಾಗ ಬಿಚ್ಚಬೇಕು ಎರಡೂ ನಮ್ಮ ಕೈಯಲ್ಲಿ. ಎರಡನ್ನೂ ತೋರಿಸದೆ, ‘ಪಕ್ಕದವರ ಉತ್ತರ ಬೇರೆಯಿದ್ದರೆ ಒಪ್ಪಿಸಿ ನೋಡೋಣ’ ಎಂದೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನವಿದು: ಮೊದಲು ಒಬ್ಬೊಬ್ಬರೇ ಉತ್ತರಿಸುವುದು, ಆಮೇಲೆ ಪಕ್ಕದವರ ಜತೆ ವಾದ, ಮತ್ತೆ ಉತ್ತರ.

‘ಕಲ್ಲು ಮೇಲೆ ಹೋಗಿ ನಿಂತೋಯ್ತಲ್ವೇನೋ, ಇನ್ನೆಲ್ಲಿ ವೇಗೋತ್ಕರ್ಷ?’ ಎಂದು ಒಬ್ಬ. ಪಕ್ಕದವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ‘ನಿಂತೇ ಬಿಟ್ರೆ ಅಲ್ಲೇ ಇರ್ಬೇಕಿತ್ತಲ್ಲ, ಕೆಳಗ್ಯಾಕೆ ಬರುತ್ತೆ?’ ಎಂದ. ಹಿಂದಿನ ಬೆಂಚಿನಿಂದ ಒಬ್ಬಳು, ‘ವೇಗ ಸೊನ್ನೆ ಕಣೋ, ವೇಗ ಬದಲಾಗೋದು ಸೊನ್ನೆ ಅಲ್ಲ’ ಎಂದು ಸೇರಿಸಿದಳು. ನಾನು ಅರ್ಧ ಪೀರಿಯಡ್ ಸೀಮೆಸುಣ್ಣ ಸವೆಸಿ ಹೇಳಬೇಕಿದ್ದ ಮಾತು ಅದು. ಎರಡನೇ ಸಲ ಕಾರ್ಡ್ ಎತ್ತಿದಾಗ ಸರಿ ಉತ್ತರವಾದ ‘ಸಿ’ (ಕೆಳಮುಖವಾಗಿ 9.8) ಬದಿ ಮೇಲಾದ ಕಾರ್ಡುಗಳು ಎದ್ದು ಕಾಣುವಷ್ಟು ಹೆಚ್ಚಿದ್ದವು. ಉತ್ತರಕ್ಕೂ ಸರಿ ಉತ್ತರ ತೋರಿಸುವುದಕ್ಕೂ ನಡುವೆ ಈ ಜಾಗ ಬಿಡುವ ಸಾಧನ ಬೇಕಿತ್ತು ನನಗೆ, ನಾಲ್ಕರಲ್ಲಿ ಅದನ್ನು ಸಲೀಸಾಗಿ ಕೊಟ್ಟದ್ದು ಕಾಗದದ ಕಾರ್ಡು.

ಹಾಗೆಂದು ಪ್ಲಿಕರ್ಸ್ ಪರಿಪೂರ್ಣವಲ್ಲ. ಉಚಿತ ಖಾತೆಯಲ್ಲಿ ಒಂದು ಸೆಟ್ಟಿಗೆ ಐದೇ ಪ್ರಶ್ನೆ. ನನಗದು ತೊಂದರೆ ಅನ್ನಿಸಿಲ್ಲ, ಒಂದು ಪೀರಿಯಡ್‌ನಲ್ಲಿ ವಾದ ಮಾಡಿಸುವಂಥ ಪ್ರಶ್ನೆ ಎರಡಾದರೆ ಹೆಚ್ಚು. ಯೂನಿಟ್ ಟೆಸ್ಟ್ ಮಾಡಹೊರಟವರಿಗೆ ಸಾಲದು. ಬಹುಆಯ್ಕೆ, ಸರಿ-ತಪ್ಪು ಬಿಟ್ಟರೆ ಕಾರ್ಡಿನಲ್ಲಿ ಬೇರೆ ಬಗೆಯ ಉತ್ತರ ಸಾಧ್ಯವೂ ಇಲ್ಲ.

ಗೂಗಲ್ ಫಾರ್ಮ್ಸ್‌ಗೆ ಸಂಗೀತವಿಲ್ಲ, ಬಣ್ಣವಿಲ್ಲ, ಸರ್ಕಾರಿ ನಮೂನೆಯ ಹಾಗೆ ಕಾಣುತ್ತದೆ. ಆದರೆ ಕ್ವಿಜ್ ಸೌಲಭ್ಯದಲ್ಲಿ ಉತ್ತರ ತಾನೇ ತಿದ್ದಿಕೊಳ್ಳುತ್ತದೆ, ಅಂಕಗಳೆಲ್ಲ ಶೀಟ್‌ನಲ್ಲಿ ಕೂರುತ್ತವೆ, ಪ್ರಶ್ನೆಗಳ ಸಂಖ್ಯೆಗೆ ಕೈ ಕಟ್ಟುವುದಿಲ್ಲ. ಕಿರು ಉತ್ತರದ ಪ್ರಶ್ನೆ ಹಾಕಿದರೆ ಸರಿ ಉತ್ತರದ ಜಾಗದಲ್ಲಿ ‘ಸೊನ್ನೆ’, ‘ಶೂನ್ಯ’, ‘0’, ‘೦’ ಎಲ್ಲವನ್ನೂ ಬರೆದಿಡಿ; ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ.

ಹೆಚ್ಚಿನವರು ಬಳಸದ ಒಂದು ಸೌಲಭ್ಯ ಅದರಲ್ಲಿದೆ. ಆಯ್ದ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ಭಾಗಕ್ಕೆ ಕಳಿಸಬಹುದು. ‘ಸೊನ್ನೆ’ ಒತ್ತಿದ ಮಗುವನ್ನು ‘ಹಾಗಾದರೆ ಕಲ್ಲು ಅಲ್ಲೇ ಏಕೆ ತೂಗಿಕೊಂಡಿರುವುದಿಲ್ಲ?’ ಎಂಬ ಪುಟಕ್ಕೆ ಕಳಿಸಿ, ಅಲ್ಲಿಂದ ಮೊದಲಿನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವಂತೆ ಮಾಡಿದೆ. ಪಕ್ಕದ ಬೆಂಚಿನವನ ಜತೆ ಜಗಳವಾಡಿದ ಸೊಗಸು ಇಲ್ಲ, ಆದರೂ ಜ್ವರ ಬಂದು ರಜೆ ಹಾಕಿದ ಮಗು ಮನೆಯಲ್ಲೇ ಕೂತು ಅದೇ ದಾರಿಯಲ್ಲಿ ನಡೆಯುತ್ತದೆ.

ಮಕ್ಕಳ ಹೆಸರಿನ ಬಗ್ಗೆಯೂ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ನಾನಂತೂ ನಾಲ್ಕರಲ್ಲೂ ಹಾಜರಿ ಪುಸ್ತಕದ ಕ್ರಮಸಂಖ್ಯೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಪ್ಲಿಕರ್ಸ್‌ನಲ್ಲಿ ಕಾರ್ಡಿನ ಸಂಖ್ಯೆಯೇ ಕ್ರಮಸಂಖ್ಯೆ. ಫಾರ್ಮ್ಸ್‌ನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿಡುತ್ತೇನೆ. ಅಪ್ಪನ ಫೋನಿನಲ್ಲಿ ಬರೆದ ಮಗುವಿನ ಹೆಸರಲ್ಲಿ ಅಪ್ಪನ ಇಮೇಲ್ ಬರುವ ಗೊಂದಲವೂ ತಪ್ಪುತ್ತದೆ.

ನನ್ನಂಥದೇ ಶಾಲೆಯಲ್ಲಿದ್ದು ಒಂದನ್ನೇ ಕಲಿಯುವಷ್ಟು ಬಿಡುವಿರುವವರಿಗೆ ಪ್ಲಿಕರ್ಸ್ ಎನ್ನುತ್ತೇನೆ. ಎರಡಕ್ಕೆ ಪುರುಸೊತ್ತಿದ್ದರೆ ಫಾರ್ಮ್ಸ್ ಸೇರಿಸಿಕೊಳ್ಳಿ. ಮಕ್ಕಳೆಲ್ಲರ ಕೈಗೂ ಸಾಧನ ಸಿಗುವ ಶಾಲೆಯವರು ಕ್ವಿಜಿಜ್‌ನಿಂದ ಶುರು ಮಾಡಲಿ. ಕಹೂಟನ್ನು ಶನಿವಾರದ ಕೊನೇ ಪೀರಿಯಡ್‌ಗೆ ಇಟ್ಟುಕೊಳ್ಳಿ, ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿ.